ದಣಿದವರ ಮಟ್ಟು

ನನ್ನ ಮಾವನವರ ಎಡಗೈ, ಬಲಗೈ ಎರಡೂ ಒಬ್ಬರವೇ ಎಂದು ನಂಬಲು ನನಗೆ ಕೆಲವು ತಿಂಗಳೇ ಬೇಕಾದವು. ಎಡಗೈಯ ಉಗುರುಗಳನ್ನು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿರುತ್ತಿದ್ದರು. ಆ ಬೆರಳುಗಳ ತುದಿ ಜಡ್ಡುಗಟ್ಟಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಬಲಗೈಯಲ್ಲಿ ಮಾತ್ರ, ಕಿರುಬೆರಳೊಂದನ್ನು ಬಿಟ್ಟು, ನಾಲ್ಕಕ್ಕೂ ಉದ್ದ ಉಗುರು. ರೊಟ್ಟಿ ಮುರಿದು ಉಣ್ಣುವಾಗ ಅವುಗಳ ಸಂದಿಯಲ್ಲಿ ಝುಣಕ ಸೇರಿಕೊಳ್ಳುತ್ತಿತ್ತು. ಊಟವಾದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಹುಣಸೆಹುಳಿ ಹಚ್ಚಿ, ಒಂದೊಂದನ್ನೇ ತಿಕ್ಕಿ ತೊಳೆಯುತ್ತಿದ್ದರು. ಅತ್ತೆಯವರು ಒಳಗಿನಿಂದ, "ಮುಗೀತೇನ್ರಿ ನಿಮ್ಮ ಸಿಂಗಾರ? ಎಮ್ಮಿ ಒದರಾಕ ಹತ್ತೇತಿ" ಎನ್ನುತ್ತಿದ್ದರು.

ಮದುವೆಯ ದಿನ ನಾನು ಕಾಲಿಗೆ ಎರಗಿದಾಗ ಅವರು ತಲೆಯ ಮೇಲೆ ಕೈ ಇಟ್ಟು ಹರಸಿದರು. ಉಗುರು ನನ್ನ ಬೈತಲೆಗೆ ಚುಚ್ಚಿತು. ನನ್ನ ಅವ್ವ ಅದನ್ನು ನೋಡಿ, ಆಮೇಲೆ ಒಂದು ಮೂಲೆಗೆ ಕರೆದು, "ನಿಮ್ಮ ಮಾವ ಮಾಟಾ ಮಂತ್ರಾ ಮಾಡ್ತಾರೇನ?" ಎಂದು ಕೇಳಿದಳು. ನನಗೇನು ಗೊತ್ತು? ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ವರ್ಷ ಅದು. ಕರಜಗಿಯ ಸಾಲಿ ಮಾಸ್ತರರ ಮಗಳು ನಾನು. ಮರಾಠಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅದರ ಸೊಕ್ಕು ಸ್ವಲ್ಪ ಇತ್ತು. ಬಾಲಗಾಂವದ ಆ ಮನೆಯಲ್ಲಿ ಅಕ್ಷರ ಕಲಿತ ಮೊದಲ ಹೆಂಗಸು ನಾನೇ.

ಆ ಉಗುರುಗಳಿಗೆ ಕಾರಣ ನಡುಮನೆಯ ಗೂಟಕ್ಕೆ ತೂಗಿದ್ದ ಒಂದು ಗಿಟಾರು. ಅತ್ತೆಯವರ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿಡುತ್ತಿದ್ದರು. ಊರಿನವರು ಅದಕ್ಕೆ ಫಿರಂಗಿ ತಂಬೂರಿ ಅನ್ನುತ್ತಿದ್ದರು. ಅತ್ತೆಯವರು ಮಾತ್ರ ಸವತಿ ಅನ್ನುತ್ತಿದ್ದರು. "ಆಕೀ ನಡಾ ನೋಡ, ಎಷ್ಟ ಸಣ್ಣ ಐತಿ. ನಂದು ಆರು ಹಡದ ನಡಾ. ನಾ ಎಲ್ಲಿ ಸಾಟಿ ಆಗಲಿ?" ಎಂದು ನನ್ನ ಮುಂದೆ ನಗುತ್ತಿದ್ದರು. ಆರರಲ್ಲಿ ಉಳಿದದ್ದು ನನ್ನ ಗಂಡ ಒಬ್ಬರೇ.

ಮಾವನವರು ತಮ್ಮ ಕಥೆಯನ್ನು ಒಂದೇ ಸಲ ಕೂತು ಹೇಳಿದವರಲ್ಲ. ನಾನು ಬೀಸುತ್ತಿರುವಾಗ, ಅವರು ತಂತಿ ಬಿಗಿಯುತ್ತಿರುವಾಗ, ತುಂಡು ತುಂಡಾಗಿ ಬಂದದ್ದನ್ನು ನಾನೇ ಜೋಡಿಸಿಕೊಂಡೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಸಂಬಂಧಿಕರ ಅಂಗಡಿಯಲ್ಲಿ ದುಡಿಯಲು ಮುಂಬಯಿಗೆ ಹೋಗಿದ್ದರಂತೆ. ಪಕ್ಕದ ಖೋಲಿಯಲ್ಲಿ ಒಬ್ಬ ಗೋವೆಯ ಕ್ರಿಸ್ತನಿದ್ದ. ಅವನು ಮೂಕಿ ಸಿನಿಮಾದ ಪರದೆಯ ಮುಂದೆ ಕುಳಿತು ಗಿಟಾರು ಬಾರಿಸುತ್ತಿದ್ದ. ಕೊರಳಲ್ಲಿ ಲಿಂಗ ಇದ್ದವರು, ಕೊರಳಲ್ಲಿ ಶಿಲುಬೆ ಇದ್ದವನ ಹತ್ತಿರ ವಿದ್ಯೆ ಕಲಿತರು. ಅವನು ಊರಿಗೆ ಹೋಗುವಾಗ ವಾದ್ಯವನ್ನೂ ಕೆಲಸವನ್ನೂ ಇವರಿಗೆ ಬಿಟ್ಟುಹೋದನಂತೆ.

"ಪರದೆ ಮ್ಯಾಲ ಕುದರಿ ಓಡತಿದ್ವು, ನಾ ಕೆಳಗ ಕತ್ತಲದಾಗ ಕುಂತು ಅವಕ್ಕ ಖುರಪುಟ ಬಾರಸತಿದ್ದೆ. ನಾಯಕಿ ಅತ್ರ ನಾ ಅಳಸತಿದ್ದೆ. ಮುಂದ ಗೊಂಬಿ ತಾವ ಮಾತಾಡಾಕ ಹತ್ತಿದ್ವು. ನಾವು ಮೂಕ ಆದ್ವಿ" ಎನ್ನುತ್ತಿದ್ದರು.

ಆಮೇಲೆ ಸಾಂಗಲಿ, ಮೀರಜಿನ ಕಡೆಯ ಒಂದು ನಾಟಕ ಕಂಪನಿಗೆ ಸೇರಿದರು. ಅಲ್ಲಿ ಬಾರಿಸುವುದರ ಜೊತೆಗೆ ಪದಗಳಿಗೆ ಮಟ್ಟು ಕಟ್ಟತೊಡಗಿದರು. ಎಷ್ಟು ನಾಟಕ, ಎಷ್ಟು ಮಟ್ಟು ಎಂದು ಅವರಿಗೇ ಲೆಕ್ಕವಿರಲಿಲ್ಲ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಮಟ್ಟು ಕಟ್ಟಿದವರು ಎಂದು ಅಚ್ಚಾಗುತ್ತಿದ್ದದ್ದು ಮಾಲಕರ ಹೆಸರು. ಒಬ್ಬ ಮಾಲಕ ಹೋಗಿ ಇನ್ನೊಬ್ಬ ಬಂದರೆ ಆ ಹೊಸಬನ ಹೆಸರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಹದಿನೈದು ವರ್ಷದ ದುಡಿಮೆ. ಕಂಪನಿ ಮುರಿದು ಮಂದಿ ದಿಕ್ಕಾಪಾಲಾದ ಮೇಲೆ, ಕೆಮ್ಮನ್ನೂ ಗಿಟಾರನ್ನೂ ತೆಗೆದುಕೊಂಡು ಊರಿಗೆ ಬಂದು ಹೊಲಕ್ಕೆ ಇಳಿದಿದ್ದರು.

ಹೊಲಕ್ಕೆ ಹೋಗುವಾಗ ಬಲಗೈಗೆ ಹಳೆಯ ಅರಿವೆ ಸುತ್ತಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕ ಪರವೂರಿನವರು, "ಕೈಗೆ ಏನಾಗೇತ್ರಿ?" ಎಂದು ಕೇಳಿದರೆ, "ಏನೂ ಆಗಬಾರದಂತ ಕಟ್ಟೀನ್ರಿ" ಎನ್ನುತ್ತಿದ್ದರು. ಕಳೆ ಕೀಳುವುದು, ಶೇಂಗಾ ಹರಿಯುವುದು ಎಲ್ಲ ಎಡಗೈಯಲ್ಲೇ. ಊರ ಗಂಡಸರು ಹಿಂದಿನಿಂದ ನಗುತ್ತಿದ್ದರು. ಅವರೇ ಸೋಮವಾರದ ಭಜನೆಗೆ ಮನೆಯ ಮುಂದೆ ಬಂದು, "ಬರ್ರಿ, ನಿಮ್ಮ ತಂಬೂರಿ ಇಲ್ಲಂದ್ರ ಪದಕ್ಕ ರುಚಿ ಇಲ್ಲ" ಎಂದು ಕರೆಯುತ್ತಿದ್ದರು.

ದಿನದ ಕೆಲಸ ಮುಗಿಯುವ ತನಕ ಅವರು ಅದನ್ನು ಬಾರಿಸುತ್ತಿರಲಿಲ್ಲ. "ದಣದ ಕೈ ಸುಳ್ಳ ಬಾರಸೂದಿಲ್ಲವ್ವಾ" ಎನ್ನುತ್ತಿದ್ದರು. ಆದರೆ ಸುರ ಕೂಡಿಸುವುದು ಮಾತ್ರ ಬೆಳಗಿನ ಜಾವವೇ ಆಗಬೇಕು, ಅದೂ ನನ್ನ ಬೀಸುವ ಕಲ್ಲಿನ ಸದ್ದಿಗೆ. ಜೋಳ ಬೀಸುವಾಗ ಕಲ್ಲು ಒಂದು ಹದಕ್ಕೆ ಬಂದು ಗುಂ ಎನ್ನುತ್ತದೆ. ಅವರು ಗೋಡೆಯ ಆಚೆ ಕುಳಿತು ಅದನ್ನೇ ಕಾಯುತ್ತಿದ್ದರು. ನಾನು ರಟ್ಟೆ ಸೋತು ಕೈ ಬಿಟ್ಟರೆ, "ನಿಲ್ಲಸಬ್ಯಾಡ ಯವ್ವಾ, ಈಗಿನ್ನ ಸಾ ಸಿಕ್ಕೈತಿ!" ಎಂದು ಆಚೆಯಿಂದ ಕೂಗು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರ ಸಾ ಸಿಗಲೆಂದು ನಾನು ಎರಡು ಹಿಡಿ ಜೋಳ ಹೆಚ್ಚಿಗೆ ಬೀಸಬೇಕೆ? ಬೈದುಕೊಳ್ಳುತ್ತಲೇ ಬೀಸುತ್ತಿದ್ದೆ. ಆರೂ ತಂತಿ ಕೂಡಿದ ಮೇಲೆ ಒಂದು ಸಲ ಎಲ್ಲವನ್ನೂ ಒಟ್ಟಿಗೆ ಮೀಟುತ್ತಿದ್ದರು. ಆ ಸದ್ದಿಗೆ ನನ್ನ ಸಿಟ್ಟು ಇಳಿದುಬಿಡುತ್ತಿತ್ತು ಎಂಬುದನ್ನು ಅವರಿಗೆ ಎಂದೂ ಹೇಳಲಿಲ್ಲ.

ಅತ್ತೆಯವರಿಗೆ ಗುಡ್ಡಾಪುರದ ದಾನಮ್ಮನ ಮೇಲೆ ಜೀವ. ಅಮಾವಾಸ್ಯೆಗೆ ನಡೆದೇ ಹೋಗುತ್ತಿದ್ದರು. ನಾನು ಬಂದ ಎರಡನೆಯ ವರ್ಷ ಅವರ ಕಾಲು ಬಾತು ನಡೆಯಲಾರದಂತೆ ಆಗಿದ್ದವು. ಆದರೂ ಹಟ. ಅತ್ತೆ, ಮಾವ, ನಾನು ಮೂವರೂ ನಸುಕಿನಲ್ಲೇ ಹೊರಟೆವು. ಮಾವನವರು ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಅತ್ತೆ ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಒಂದು ಹೆಜ್ಜೆ ಇಟ್ಟು ಉಸಿರು ಬಿಡುವುದು. ಪ್ರತಿ ಗಿಡದ ಕೆಳಗೂ, "ಇನ್ನೆಷ್ಟ ದೂರವ್ವಾ?" ಎಂದು ಕೇಳುವುದು. ನನ್ನನ್ನಲ್ಲ, ದೇವಿಯನ್ನು.

ಮಧ್ಯಾಹ್ನದ ಹೊತ್ತಿಗೆ ಒಂದು ಬೇವಿನ ಗಿಡದ ನೆರಳಲ್ಲಿ ಅವರು ಕುಳಿತೇಬಿಟ್ಟರು. "ನನ್ನ ಕೈಲೆ ಆಗೂದಿಲ್ರಿ. ನೀವಿಬ್ಬರೂ ಹೋಗಿ ಕಾಯಿ ಒಡಿಸಿಕೊಂಡ ಬರ್ರಿ" ಎಂದರು. ಮಾವನವರು ಬೆನ್ನಿನಿಂದ ಗಿಟಾರು ಬಿಚ್ಚಿದರು. ಅತ್ತೆಯ ನಡಿಗೆಯನ್ನೇ ಬಾರಿಸತೊಡಗಿದರು: ಎರಡು ಮೀಟು, ಒಂದು ತಡೆ, ಒಂದು ಮೀಟು, ಒಂದು ಉಸಿರು. ಸ್ವಲ್ಪ ಹೊತ್ತಾದ ಮೇಲೆ ಅತ್ತೆಯ ಮಾತನ್ನೇ ಅದರೊಳಗೆ ಇಟ್ಟು ಹಾಡಿದರು.

ಇನ್ನೆಷ್ಟು ದೂರವ್ವ ನಿನ್ನ ಗುಡಿ ದಾನಮ್ಮ,
ಕಾಲು ಮುಂದಾದರ ಉಸಿರು ಹಿಂದ.

ಅತ್ತೆ ನಕ್ಕರು. "ನನ್ನ ಕುಂಟ ನಡಗಿಗೆ ಪದಾ ಕಟ್ಟಾಕ ಹತ್ತೀರೇನ?" ಎಂದು ಎದ್ದು ನಿಂತರು. ಉಳಿದ ದಾರಿಯನ್ನು ಆ ಮಟ್ಟೇ ನಡೆಸಿತು. ಅದರಲ್ಲಿ ಅವಸರ ಮಾಡಲು ಬರುತ್ತಿರಲಿಲ್ಲ. ತಡೆಯುವ ಕಡೆ ತಡೆಯಲೇಬೇಕು. ಹಿಂದೆ ಬರುತ್ತಿದ್ದ ಕುರಿ ಕಾಯುವ ಮನೆತನದ ಹೆಂಗಸರು ನಮ್ಮನ್ನು ದಾಟಿ ಹೋಗದೆ, ಜೊತೆಗೇ ನಡೆಯುತ್ತ ದನಿಗೂಡಿಸಿದರು. ಇಳಿಹೊತ್ತಿಗೆ ಗುಡಿ ಮುಟ್ಟಿದಾಗ ಹದಿನೈದು ಇಪ್ಪತ್ತು ಹೆಂಗಸರು ಅದನ್ನು ಹಾಡುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಬೇರೆ ಊರಿನವರೂ ಹಾಡಿದರು.

ಅದು ಅತ್ತೆಯವರ ಕೊನೆಯ ನಡಿಗೆ. ಮರುವರ್ಷ ಅವರು ತೀರಿಕೊಂಡರು.

ಅವರು ಹೋದ ಮೇಲೆ ಮಾವನವರು ಒಂದು ದಿನ ಹಿತ್ತಲಲ್ಲಿ ಉಗುರು ತೊಳೆಯುತ್ತ ನನ್ನನ್ನು ಕೇಳಿದರು. "ಪದಾ ಬರದಾಂವಗ ಕಡೀ ನುಡ್ಯಾಗ ಅಂಕಿತ ಐತಿ. ತನ್ನ ದೇವರ ಹೆಸರ ಇಡತಾನ, ಅದರ ಬಾಜೂಕ ತಂದೂ ಇಡತಾನ. ಮಟ್ಟ ಕಟ್ಟಿದಾಂವ ಹೆಸರ ಎಲ್ಲಿ ಇಡಬೇಕವ್ವಾ? ಸಾ ದಾಗೊ, ಪಾ ದಾಗೊ?" ನಗುತ್ತಲೇ ಕೇಳಿದರು. ಆದರೆ ಬಹಳ ದಿನದಿಂದ ಒಳಗೆ ಇಟ್ಟುಕೊಂಡ ಮಾತು ಎಂದು ನನಗೆ ತಿಳಿಯಿತು. ಇಷ್ಟು ವರ್ಷದ ಮಟ್ಟುಗಳೆಲ್ಲ ಮಾಲಕರ ಪಾಲಾದವು. ಇದೊಂದಾದರೂ ತಮ್ಮದು ಎಂದು ನಾಲ್ಕು ಮಂದಿ ಅನ್ನಲಿ ಎಂಬುದೇ ಅವರ ಆಸೆ. ಅದಕ್ಕಿಂತ ಹೆಚ್ಚಿನದನ್ನು ಅವರು ಬೇಡಿದ್ದನ್ನು ನಾನು ಕಾಣೆ.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ಸೊಸೆ ಮಾವನ ಹೆಸರು ಹೇಳಬಾರದು. ಗಂಡನ ಹೆಸರನ್ನಾದರೂ ಹಬ್ಬಕ್ಕೆ ಒಡಪು ಕಟ್ಟಿ ಹೇಳಿಸುತ್ತಾರೆ, ಮಾವನದಕ್ಕೆ ಅದೂ ಇಲ್ಲ. ಅವರ ಹೆಸರಿನೊಳಗೆ ದಿನಾ ಬಳಸುವ ಒಂದು ಮಾತು ಸೇರಿಕೊಂಡಿತ್ತು. ಆ ಮಾತು ಬಂದಲ್ಲೆಲ್ಲ ನಾನು ಬೇರೆ ಏನೋ ಅಂದು ಸುತ್ತಿ ಬಳಸಿ ದಾಟುತ್ತಿದ್ದೆ. ಯಾವ ಮಾತು ಎಂದು ಹೇಳಿದರೆ ಹೆಸರು ಹೇಳಿದ ಹಾಗೇ, ಬಿಡಿ. ಜನಗಣತಿಯವರು ಬಂದಾಗ ಮನೆಯ ಹಿರಿಯರ ಹೆಸರು ಕೇಳಿದರು. ನಾನು ಬಾಯಿಗೆ ಸೆರಗು ಹಿಡಿದು ಪಕ್ಕದ ಮನೆಯ ಮುದುಕಿಯನ್ನು ಕರೆದೆ. ಆಕೆ ಹೇಳಿದಳು, ಅವರು ಬರೆದುಕೊಂಡರು.

"ಹೇಳಾಕ ಬರೂದಿಲ್ಲ, ಬರಿಯಾಕ ಬರತೈತೇನ್ರಿ?" ಎಂದು ಅಂದು ಅತ್ತೆಯನ್ನು ಕೇಳಿದ್ದೆ, ಮುಲ್ಕಿ ಪಾಸಾದವಳಲ್ಲವೇ! ಅತ್ತೆ ರೊಟ್ಟಿ ಬಡಿಯುತ್ತ, "ಬಾಯಿಲೆ ಅಂದ್ರೇನ, ಕೈಲೆ ಬರದ್ರೇನ? ಹೆಸರ ಹೆಸರ" ಎಂದಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಅತ್ತೆ ತೀರಿದ ಮರುವರ್ಷ ಒಂದು ಅಮಾವಾಸ್ಯೆಗೆ ರೇಡಿಯೋದಲ್ಲಿ ಹಾಡುವ ಗಾಯಕರೊಬ್ಬರು ಗುಡ್ಡಾಪುರಕ್ಕೆ ಬಂದಿದ್ದರು. ಹೆಂಗಸರ ಬಾಯಲ್ಲಿ ಆ ಪದ ಕೇಳಿ, ಇದು ಎಲ್ಲಿಯದು ಎಂದು ವಿಚಾರಿಸಿ, ನಮ್ಮ ಮನೆಯ ತನಕ ಬಂದರು. ಒಳ್ಳೆಯ ಮನುಷ್ಯ. ಕಟ್ಟೆಯ ಮೇಲೆ ಕುಳಿತು ಮಾವನವರಿಂದ ನಾಲ್ಕು ಸಲ ಬಾರಿಸಿ ಹಾಡಿಸಿ ಸ್ವರ ಬರೆದುಕೊಂಡರು. "ಇದನ್ನ ರೇಡಿಯೋದಾಗ ಹಾಡತೀನ್ರಿ. ಕೇಂದ್ರದಿಂದ ಒಂದು ಫಾರ್ಮ ಬರತೈತಿ. ಪದ ಯಾರದು, ಚಾಲ ಯಾರದು, ಎಲ್ಲಾ ತುಂಬಿ ಟಪಾಲಿಗೆ ಹಾಕ್ರಿ. ಅದರಾಗ ಬರದಂಗ ಅವರು ಹೇಳತಾರ" ಎಂದು ಹೇಳಿಹೋದರು. ಮರಾಠಿಯವರ ಚಾಲ ಎಂದರೆ ನಮ್ಮ ಮಟ್ಟು. ಅಂದು ಸಂಜೆ ಮಾವನವರು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಫಾರ್ಮು ಬಂತು, ಮುಂಬಯಿ ಕೇಂದ್ರದ್ದು, ಮರಾಠಿಯಲ್ಲಿ. ಮಾವನವರು ಮುಂಬಯಿಯಲ್ಲಿ ಕಲಿತದ್ದು ಅಂಗಡಿ ಲೆಕ್ಕದ ಮೋಡಿ ಎಂಬ ಕೂಡಕ್ಷರ, ಮರಾಠಿಯ ಅಚ್ಚಿನ ಅಕ್ಷರ ಅವರಿಗೆ ತಡವರಿಸುತ್ತಿತ್ತು. ಕಣ್ಣೂ ಮಂಜಾಗಿದ್ದವು. "ನೀನ ತುಂಬವ್ವಾ, ನಿನ್ನ ಅಕ್ಷರ ಚಲೋ ಅದಾವು" ಎಂದು ನನ್ನ ಕೈಗೆ ಕೊಟ್ಟರು. ನಾನು ಏಳು ತಿಂಗಳ ಬಸುರಿ. ಬೀಸಿ, ನೀರು ತಂದು, ಸೆಗಣಿ ಬಳಿದು ಬಂದು ಲೆಕ್ಕಣಿಕೆ ಹಿಡಿದೆ. ಪದದ ಹೆಸರು ಬರೆದೆ. ಊರು ಬರೆದೆ. ಪದದ ಮಾತು ಯಾರದು ಎಂಬಲ್ಲಿ, ಮನೆಯ ಹೆಂಗಸರದು ಎಂದು ಬರೆದೆ. ಚಾಲ ಯಾರದು ಎಂಬ ಗೆರೆಗೆ ಬಂದು ಕೈ ನಿಂತಿತು.

"ಹೆಸರ ಹೆಸರ" ಎಂದು ಅತ್ತೆ ಕಿವಿಯಲ್ಲಿ ಅಂದ ಹಾಗಾಯಿತು. ಬದುಕಿದ್ದರೆ ಕೇಳಿ ಬರೆಯುತ್ತಿದ್ದೆನೇನೋ. ಸತ್ತವರ ಮಾತು ಮೀರುವುದು ಹೇಗೆ? ನಮ್ಮ ಮಾವನವರು ಎಂದಷ್ಟೇ ಬರೆಯೋಣವೆಂದರೆ, ರೇಡಿಯೋದವರು ಊರ ಮಂದಿಗೆಲ್ಲ ಮಾವನನ್ನಾಗಿ ಮಾಡಿಯಾರು ಎಂದು ನಗು ಬಂತು. ನನ್ನ ಗಂಡ ಜತ್ತದ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ಶನಿವಾರ ಮನೆಗೆ ಬರುತ್ತಿದ್ದರು. ಅವರೇ ಬರೆಯಲಿ ಎಂದು ಗೆರೆ ಖಾಲಿ ಬಿಟ್ಟು, ಫಾರ್ಮನ್ನು ಲಕೋಟೆಯೊಳಗೆ ಹಾಕಿ, ಗೋಡೆಯ ಮಾಡದಲ್ಲಿ ಇಟ್ಟೆ.

ಗುರುವಾರ ಟಪಾಲಿನವನು ಬಂದ. ನಾನು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದೆ. ಮಾವನವರು ನಡುಮನೆಯಿಂದ, "ಕಾಗದಾ ತುಂಬಿದ್ಯೇನವ್ವಾ?" ಎಂದು ಕೇಳಿದರು.

"ಹೂಂ ರೀ" ಎಂದೆ.

ಯಾಕೆ ಹಾಗೆ ಅಂದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಮ್ಮ ಹೆಸರು ಬರೆದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು ಎಂಬ ನಾಚಿಕೆ ಒಂದು. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ದಣಿದಿದ್ದೆ. ಎದ್ದು, ಕೈ ತೊಳೆದು, ಹೋಗಿ, ವಿವರಿಸಿ ಹೇಳುವಷ್ಟು ಉಸಿರಿರಲಿಲ್ಲ. ಅವರು ಲಕೋಟೆಗೆ ಅಂಟು ಹಚ್ಚಿ ಟಪಾಲಿನವನ ಕೈಗೆ ಕೊಟ್ಟದ್ದು ನನಗೆ ಕೇಳಿಸಿತು. ಅವನ ಸೈಕಲ್ಲಿನ ಗಂಟೆ ಓಣಿ ದಾಟುವ ತನಕವೂ ಕೇಳಿಸಿತು. ಕೂಗಬಹುದಿತ್ತು. ಕೂಗಲಿಲ್ಲ.

ಎರಡು ತಿಂಗಳಿಗೆ, ಇಂಥ ದಿನ ಸಂಜೆ ಪದ ಬರುತ್ತದೆ ಎಂದು ಆ ಗಾಯಕರ ಕಾರ್ಡು ಬಂತು. ಚಾವಡಿಯಲ್ಲಿ ಸರಕಾರ ಕೊಟ್ಟ ಬ್ಯಾಟರಿ ರೇಡಿಯೋ ಇತ್ತು. ಇಡೀ ಊರು ಕೂಡಿತು. ಮಾವನವರು ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ವಿಭೂತಿ ಧರಿಸಿ ಮುಂದೆ ಕುಳಿತಿದ್ದರು. ಉಗುರುಗಳನ್ನು ಅಂದು ಎರಡು ಸಲ ತೊಳೆದಿದ್ದರು. ನಾನು ಹಸಿ ಬಾಣಂತಿ. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರು ಏನಂದರೂ ಕೇಳದೆ, ಹೆಂಗಸರ ಜೊತೆ ಗೋಡೆಯ ಮರೆಗೆ ನಿಂತಿದ್ದೆ. ನನ್ನ ಗಂಡನಿಗೆ ನಾನು ಆ ಮಾತು ಹೇಳಿಯೇ ಇರಲಿಲ್ಲ. ಗಾಯಕರಿಗೆ ಗೊತ್ತಲ್ಲ, ಅವರೇ ಹೆಸರು ಹೇಳಿಸಿಯಾರು ಎಂಬ ಒಂದು ಆಸೆಗೆ ಜೋತುಬಿದ್ದಿದ್ದೆ.

ರೇಡಿಯೋದೊಳಗಿನ ದನಿ ಹೇಳಿತು: "ಇನ್ನು ದಾನಮ್ಮದೇವಿಯ ಪದ. ಪಾರಂಪರಿಕ ಚಾಲ. ರಚನಾಕಾರ ಅಜ್ಞಾತ."

ಪದ ಶುರುವಾಯಿತು. ಯಾರಿಗೂ ಕೂಡಲೇ ತಿಳಿಯಲಿಲ್ಲ. ಆಮೇಲೆ ಗೌಡರು, "ಏ, ಇವರ ಹೆಸರ ಹೇಳಲೇ ಇಲ್ಲಲ್ಲೋ!" ಎಂದರು. ಮಾವನವರು ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿ, ಪದ ಮುಗಿಯುವ ತನಕ ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ, "ಚಲೋ ಹಾಡಿದ್ರು. ಎರಡನೇ ನುಡ್ಯಾಗ ಜರಾ ಅವಸರ ಮಾಡಿದ್ರು. ಬಸ್ಸಿನ್ಯಾಗ ಬರಾವ್ರು, ನಡದ ಗೊತ್ತಿಲ್ಲ" ಎಂದರು.

"ಅಜ್ಞಾತ ಅಂದ್ರ ಯಾರ್ರಿ?" ಎಂದು ಒಬ್ಬ ಕೇಳಿದ.

"ಅಜ್ಞಾತ ಅಂದ್ರ ನಾನಪಾ" ಎಂದು ಅವರು ಎದ್ದರು. ಎಲ್ಲರೂ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೆಲವರು ಮರುಗಿದರು. ಮನೆಗೆ ಬಂದು ಅವರು ರುಮಾಲನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟರು. ಅದನ್ನು ಮತ್ತೆ ಸುತ್ತಿದ್ದನ್ನು ನಾನು ನೋಡಲಿಲ್ಲ.

ನಮ್ಮ ಊರಿಗೆ ಹೆಸರಿಡುವುದರಲ್ಲಿ ಬಹಳ ಉತ್ಸಾಹ. ಅಂದಿನಿಂದ ಅವರು ಅಜ್ಞಾತಜ್ಜ ಆದರು. "ಅಜ್ಞಾತಜ್ಜಾ, ಎಲ್ಲಿ ಹೊಂಟಿ?" "ಅಜ್ಞಾತಜ್ಜಾ, ಒಂದ ಪದಾ ಆಗಲಿ." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸಲಿಗೆ. ಅವರೂ ಓಗೊಡುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಮಾತ್ರ ಪ್ರತಿ ಸಲ ಕಾದ ಹಂಚು ಮುಟ್ಟಿದ ಹಾಗಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಒಂದು ವಾರ ತಡೆದ ಮಾತನ್ನು ಒಂದು ತಿಂಗಳಾದ ಮೇಲೆ ಹೇಳುವುದು ಇನ್ನೂ ಕಷ್ಟ, ವರ್ಷವಾದ ಮೇಲಂತೂ ಕೇಳಬೇಡಿ.

ಕೊನೆಗೆ ನನ್ನ ಮಗಳು ಮಾತು ಕಲಿತಳು. ಅವ್ವ, ಅಪ್ಪ ಆದ ಮೇಲೆ ಒಂದು ದಿನ ಮಾವನವರ ಮೊಣಕಾಲು ಹಿಡಿದು ನಿಂತು, "ಅಗ್ನಾತಜ್ಜ" ಎಂದಳು. ಓಣಿಯಲ್ಲಿ ಕೇಳಿದ್ದನ್ನು ಅಂದಿತ್ತು ಕೂಸು. ಮಾವನವರು ಅವಳನ್ನು ಎತ್ತಿಕೊಂಡು, "ಹೌದವ್ವಾ, ನಿಂಗೂ ಅಷ್ಟ ಗೊತ್ತಾತು" ಎಂದರು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಬಾಗಿಲ ಮರೆಗೆ ನಿಂತು ಎಲ್ಲ ಹೇಳಿಬಿಟ್ಟೆ. ಗೆರೆ ಖಾಲಿ ಬಿಟ್ಟದ್ದು, ಹೂಂ ಎಂದದ್ದು, ಸೈಕಲ್ಲಿನ ಗಂಟೆ ಕೇಳುತ್ತ ಕುಳಿತದ್ದು. ಅಳು ತಡೆಯಲಾಗಲಿಲ್ಲ.

ಅವರು ಕ್ಷಮಿಸುತ್ತಾರೆ ಎಂದುಕೊಂಡಿದ್ದೆ. ದೊಡ್ಡ ಮನಸ್ಸಿನವರಲ್ಲವೇ! ಅವರು ಕೂಸನ್ನು ಕೆಳಗೆ ಇಳಿಸಿದರು. "ಹದಿನೈದ ವರ್ಷ ಮಾಲಕರು ನುಂಗಿದ್ರು. ಮನ್ಯಾಗಿನವರೂ ನುಂಗತಾರಂತ ತಿಳಿದಿರಲಿಲ್ಲ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಬೀಸುವಾಗ ಗೋಡೆಯ ಆಚೆ ಯಾರೂ ಇರಲಿಲ್ಲ. ಅವರು ಬಾವಿಯ ಗಾಲಿಯ ಕಿರುಗುಟ್ಟುವ ಸದ್ದಿಗೆ ಸುರ ಕೂಡಿಸತೊಡಗಿದರು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯ ತನಕ ನನ್ನ ಕಲ್ಲಿನ ಸದ್ದು ಅವರಿಗೆ ಬೇಡವಾಯಿತು. ನಿಲ್ಲಿಸಬೇಡ ಎನ್ನುವವರು ಇಲ್ಲದೆ ನಾನು ಬೇಕಾದಾಗ ನಿಲ್ಲಿಸಬಹುದಿತ್ತು. ರಟ್ಟೆ ಇನ್ನೂ ಹೆಚ್ಚು ನೋಯುತ್ತಿತ್ತು. ನನ್ನ ಗಂಡನಿಗೆ ಹೇಳಿ ಹೆಸರು ಬರೆಸಿ ರೇಡಿಯೋ ಕೇಂದ್ರಕ್ಕೆ ಎರಡು ಕಾಗದ ಹಾಕಿಸಿದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಆ ಪದವನ್ನು ಬೇರೆ ಯಾರು ಯಾರೋ ಹಾಡತೊಡಗಿದ್ದರು, ಎಲ್ಲರೂ ಪಾರಂಪರಿಕ ಎಂದೇ.

ಒಂದು ಬೆಳಗಿನ ಜಾವ, ಮೈಯಲ್ಲಿ ಜ್ವರವಿದ್ದರೂ ಬೀಸದೆ ವಿಧಿಯಿಲ್ಲದೆ ಕುಳಿತಿದ್ದೆ. ಎರಡು ಸುತ್ತು ತಿರುಗಿಸುವುದು, ನಿಲ್ಲಿಸುವುದು, ಒಂದು ಸುತ್ತು, ಉಸಿರು. ನನಗೆ ಗೊತ್ತಿಲ್ಲದೆ ಅದೇ ಮಟ್ಟು ಬಾಯಿಗೆ ಬಂತು. ಇನ್ನೆಷ್ಟು ದೂರವ್ವ. ಗೋಡೆಯ ಆಚೆ ಒಂದು ತಂತಿ ಮೆಲ್ಲಗೆ ಮೀಟಿದ ಸದ್ದಾಯಿತು. ನಾನು ಬೆಚ್ಚಿ ಕೈ ಬಿಟ್ಟೆ.

"ನಿಲ್ಲಸಬ್ಯಾಡ ಯವ್ವಾ" ಎಂದರು.

ಅಷ್ಟೇ. ಕ್ಷಮಿಸಿದೆ ಎಂದು ಅವರು ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳು ಸಾಲಿಗೆ ಹೋಗತೊಡಗಿದ ವರ್ಷ ಅವರ ಕೆಮ್ಮು ಹೆಚ್ಚಾಯಿತು. ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನನ್ನು ಕರೆದು ಬಲಗೈ ಮುಂದೆ ಚಾಚಿದರು. "ಇವನ್ನ ತಗದ ಬಿಡವ್ವಾ. ಹಾಸಿಗಿಗೆ ಸಿಗತಾವು" ಎಂದರು. ಕತ್ತರಿ ತಂದೆ. ಒಂದೊಂದೇ ಉಗುರು ಕತ್ತರಿಸಿದೆ. ಅವು ಎಷ್ಟು ಗಟ್ಟಿ ಇದ್ದವು! ಅಳುತ್ತಿದ್ದೆ, ಅವರು ನೋಡದ ಹಾಗೆ ಮಾಡಿದರು. ನಾಲ್ಕೂ ಮುಗಿದ ಮೇಲೆ ಎರಡೂ ಕೈ ಜೋಡಿಸಿ ನೋಡಿಕೊಂಡು, "ಈಗ ಎ‌ಲ್ಲಾರ ಕೈ ಆದಂಗಾತು" ಎಂದರು.

ಮೂಲೆಯಲ್ಲಿ ಮಗಳ ಪಾಟಿ, ಬಳಪ ಬಿದ್ದಿದ್ದವು. ಅವರು ಅವನ್ನು ನೋಡಿ, "ಬರಿ" ಎಂದರು.

"ಏನ್ರಿ ಮಾವಾರ?"

"ಗೊತ್ತಿದ್ದೂ ಕೇಳತಿ. ಹೇಳಬ್ಯಾಡ. ಬರಿ. ದೊಡ್ಡ ದೊಡ್ಡ ಅಕ್ಷರ ಬರಿ, ನಂಗ ಕಾಣೂದಿಲ್ಲ."

ಪಾಟಿ ತೊಡೆಯ ಮೇಲೆ ಇಟ್ಟುಕೊಂಡೆ. ಮದುವೆಯಾಗಿ ಹತ್ತು ವರ್ಷವಾಗಿತ್ತು. ಒಂದು ಸಲವೂ ಬಾಯಿಯಿಂದಾಗಲಿ, ಕೈಯಿಂದಾಗಲಿ ಮೂಡದ ಹೆಸರು. ಮೊದಲ ಅಕ್ಷರಕ್ಕೆ ಬಳಪ ಮುರಿಯಿತು. ಉಳಿದ ತುಂಡಿನಿಂದ ಬರೆದೆ, ಪಾಟಿಯ ತುಂಬ, ಕನ್ನಡದಲ್ಲಿ. ಕೆಳಗೆ ಒಂದು ಗೆರೆ ಎಳೆದು, ಮಟ್ಟು ಇವರದು ಎಂದೂ ಬರೆದೆ. ಅವರ ಮುಖದ ಹತ್ತಿರ ಹಿಡಿದೆ. ಉಗುರಿಲ್ಲದ ಬೆರಳಿನಿಂದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟುತ್ತ, ಅಷ್ಟು ನಿಧಾನವಾಗಿ, ತಡೆಯುವ ಕಡೆ ತಡೆದು, ಓದಿದರು. ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ಆಮೇಲೆ ತುಟಿಯ ಕೊನೆಯಲ್ಲಿ ನಕ್ಕು, "ಅಳಸ ಲಗೂನ. ನಿಮ್ಮತ್ತಿ ನೋಡ್ಯಾಳ" ಎಂದರು.

ಸೆರಗಿನಿಂದ ಅಳಿಸಿದೆ. ಎಂಟು ದಿನಕ್ಕೆ ಅವರು ಹೋದರು. ಸಮಾಧಿಗೆ ಕೂರಿಸುವಾಗ ಭಜನೆಯವರು ಅದೇ ಮಟ್ಟನ್ನು ಹಾಡಿದರು, ಯಾರೂ ಅವಸರ ಮಾಡಲಿಲ್ಲ. ಗಿಟಾರು ಇಳಕಲ್ ಸೀರೆಯಲ್ಲೇ ಗೂಟಕ್ಕೆ ತೂಗಿ ತೂಗಿ, ಬಿಸಿಲಿಗೆ ಬಿರಿದು, ತಂತಿ ಒಂದೊಂದಾಗಿ ಬಿಟ್ಟುಕೊಂಡವು.

ಈಗ ನಾನೇ ಮುದುಕಿ. ಬೀಸುವ ಕಲ್ಲು ಹಿತ್ತಲಲ್ಲಿ ಬಿದ್ದಿದೆ. ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಮನೆಯ ಮುಂದೆ ಗುಡ್ಡಾಪುರಕ್ಕೆ ಹೋಗುವ ಹೆಂಗಸರು ಆ ಪದ ಹಾಡುತ್ತ ದಾಟುತ್ತಾರೆ. ನೀರು ಕೇಳಲು ನಿಂತವರನ್ನು ನಾನು, ಈ ಮಟ್ಟು ಯಾರದು ಎಂದು ಕೇಳುತ್ತೇನೆ. "ಹಿಂದಿನವರದ ಇರಬೇಕ್ರಿ" ಎನ್ನುತ್ತಾರೆ. ನಮ್ಮ ಮಾವನವರದು ಎನ್ನುತ್ತೇನೆ. "ಹೆಸರ ಏನ್ರಿ ಅವರದು?" ಎಂದು ಅವರು ಕೇಳುತ್ತಾರೆ. ಆಗ ನಾನು ಮಗಳನ್ನು ಕೂಗಿ ಕರೆಯುತ್ತೇನೆ. ಅವಳು ಒಳಗಿನಿಂದ ಬರುವಷ್ಟರಲ್ಲಿ ಅವರು ನಡೆದುಬಿಟ್ಟಿರುತ್ತಾರೆ, ದಾರಿ ಇನ್ನೂ ದೂರವಿದೆಯಲ್ಲ.

ಇದನ್ನು ಬರೆಯುವಾಗ ಮಗಳು ಪಕ್ಕದಲ್ಲೇ ಕುಳಿತಿದ್ದಳು. "ಇಲ್ಲೆರ ಬರಿಯಬೇ, ಇನ್ನ ಯಾರ ಕೇಳತಾರ?" ಎಂದಳು. ಲೇಖನಿ ಎರಡು ಸಲ ಆ ಹೆಸರಿನ ಮೊದಲ ಅಕ್ಷರದ ತನಕ ಹೋಗಿ ಹಿಂದೆ ಬಂತು. ಜೀವಮಾನದಲ್ಲಿ ಒಂದು ಸಲ ಬರೆದಿದ್ದೇನೆ. ಓದಬೇಕಾದವರು ಓದಿದರು. ಅದು ಸಾಲದು ಎಂದು ನನಗೂ ಗೊತ್ತು.